ಹಲ್ಲಿನ ಡಬ್ಬಿಗೊಂದು ಸೈಕಲ್

ನಾನು ಹಲ್ಲು ಸಾಗಿಸುತ್ತೇನೆ. ಬಿಡಿಸಿ ಹೇಳಿದರೆ, ಹಲ್ಲಿನ ಮಾಡೆಲ್. ಹಲ್ಲಿನ ಡಾಕ್ಟರು ಬಾಯೊಳಗೆ ರಬ್ಬರಿನಂಥ ಪೇಸ್ಟ್ ಒತ್ತಿ ಅಚ್ಚು ತೆಗೆಯುತ್ತಾರೆ. ಅದಕ್ಕೆ ಪ್ಲಾಸ್ಟರ್ ಸುರಿದು ಒಣಗಿಸಿದರೆ ಬಾಯಿಯ ನಕಲು ಕೈಗೆ ಬರುತ್ತದೆ. ಅದೇ ಮಾಡೆಲ್. ಅದನ್ನು ಕ್ಲಿನಿಕ್ಕಿನಿಂದ ವಿಜಯನಗರದ ನಮ್ಮ ಲ್ಯಾಬಿಗೆ ತರಬೇಕು. ಲ್ಯಾಬಿನಲ್ಲಿ ಅದರ ಮೇಲೆ ಅಳತೆ ಇಟ್ಟು ಹೊಸ ಹಲ್ಲು ಮಾಡುತ್ತಾರೆ. ಆ ಹಲ್ಲನ್ನು ತಿರುಗಿ ಕ್ಲಿನಿಕ್ಕಿಗೆ ಮುಟ್ಟಿಸಬೇಕು. ಇಷ್ಟೇ ನನ್ನ ಕೆಲಸ.

ಕೆಲಸಕ್ಕೆ ಸೇರಿದ ದಿನ ಲ್ಯಾಬ್ ಮೇಡಂ ಸ್ಕೂಟರ್ ಕೀ ಟೇಬಲ್ ಮೇಲೆ ಇಟ್ಟುಕೊಂಡು ಕೂತಿದ್ದರು.

"ಲೈಸೆನ್ಸ್ ತೋರ್ಸು."

"ಮಾಡಿಸ್ತಾ ಇದೀನಿ ಮೇಡಂ."

"ಎಲ್‌ಎಲ್ ಆದ್ರೂ ಇದ್ಯಾ?"

ಇಲ್ಲ ಎಂದು ತಲೆ ಆಡಿಸಿದೆ. ಎಲ್‌ಎಲ್ ಎಂಬ ಕಲಿಕಾ ಲೈಸೆನ್ಸಿನ ಟೆಸ್ಟಿಗೆ ಎರಡು ಸಲ ಹೋಗಿದ್ದೆ, ಎರಡು ಸಲವೂ ಫೇಲಾಗಿದ್ದೆ. ಕಂಪ್ಯೂಟರಿನಲ್ಲಿ ಪ್ರಶ್ನೆ ಬರುತ್ತದೆ, ಪಕ್ಕದಲ್ಲಿ ಸೆಕೆಂಡು ಇಳಿಯುತ್ತಿರುತ್ತದೆ. ಪ್ರಶ್ನೆ ಕನ್ನಡದಲ್ಲೇ ಇತ್ತು, ಅದರ ಮೇಲೆ ದೂರು ಹೇಳುವಂತಿಲ್ಲ. ನಾನು ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಓದುತ್ತೇನೆ, ನಿಧಾನ. ನಾನು ಪ್ರಶ್ನೆಯ ಕೊನೆ ಮುಟ್ಟುವಷ್ಟರಲ್ಲಿ ಟೈಮು ಮುಗಿದಿರುತ್ತಿತ್ತು. ಇದನ್ನು ಮನೆಯಲ್ಲೂ ಹೇಳಿರಲಿಲ್ಲ.

ಮೇಡಂ ಕೀ ತೆಗೆದು ಡ್ರಾಯರಿನೊಳಗೆ ಹಾಕಿದರು. "ಲೈಸೆನ್ಸ್ ಇಲ್ದೆ ನಾನ್ ಗಾಡಿ ಕೊಡಲ್ಲ. ಏನಾದ್ರೂ ಆದ್ರೆ ನನ್ ತಲೆಗೆ ಬರುತ್ತೆ. ಸೈಕಲ್ ಕೊಡಿಸ್ತೀನಿ. ಈ ರಸ್ತೆಗಳಲ್ಲಿ ನಿಲ್ಲೋ ಅಂಥದ್ದು, ಡಬ್ಬಿ ಕೂರೋ ಅಂಥದ್ದು, ನೀನೇ ನೋಡ್ಕೊಂಡ್ ಬಾ."

ಮೆಟ್ರೋ ಇದೆಯಲ್ಲ ಎಂದು ಕೇಳುವವರಿದ್ದಾರೆ. ನನ್ನ ಕ್ಲಿನಿಕ್ಕುಗಳು ರಾಜಾಜಿನಗರದ ಒಂದು ಅಡ್ಡರಸ್ತೆಯಲ್ಲಿ, ಕುರುಬರಹಳ್ಳಿಯ ಒಂದು ಮಹಡಿಯ ಮೇಲೆ, ರಾಜರಾಜೇಶ್ವರಿನಗರದ ಏರಿನಲ್ಲಿ, ಕೆಂಗೇರಿಯ ಒಳಗೆ ಇವೆ. ಸ್ಟೇಷನ್ ಒಂದು ಕಡೆ, ಕ್ಲಿನಿಕ್ ಒಂದು ಕಡೆ. ಜೊತೆಗೆ ಆ ಮಳೆಗಾಲದಲ್ಲಿ ಪೈಪಿಗೆಂದು ಅರ್ಧ ರಸ್ತೆ ಅಗೆದಿದ್ದರು. ಅಗೆದ ಕಡೆ ಆಟೋ ನಿಲ್ಲುತ್ತದೆ, ಬೈಕೂ ನಿಲ್ಲುತ್ತದೆ. ಸೈಕಲ್ಲನ್ನು ಎತ್ತಿಕೊಂಡು ದಾಟಬಹುದು.

ಸೈಕಲ್ ಆರಿಸುವಾಗ ನನ್ನ ತಲೆಯಲ್ಲಿ ರಸ್ತೆ ಇರಲಿಲ್ಲ. ನಮ್ಮ ವಠಾರದ ಗೆಳೆಯ ಇದ್ದ. ಅವನು ಬೈಕಿನಲ್ಲಿ ಪಾರ್ಸೆಲ್ ಹಾಕುತ್ತಾನೆ, ಲೈಸೆನ್ಸ್ ಇದೆ. ಸಂಜೆ ಟೀ ಅಂಗಡಿಯಲ್ಲಿ ಸಿಕ್ಕಾಗ ಹೇಳಿದೆ.

"ಸೈಕಲ್ಲಾ? ಮತ್ತೆ ಇಸ್ಕೂಲ್‌ಗೆ ಸೇರ್ಕೊಂಡ್ಯಾ ಮಗಾ?"

"ಫಿಟ್‌ನೆಸ್ ಕಣೋ."

"ನಿಂಗೆ ಯಾತಕ್ಕೋ ಫಿಟ್‌ನೆಸ್ಸು? ಕಡ್ಡಿ ಥರ ಇದೀಯ."

"ಸ್ಟ್ಯಾಮಿನಾಗೆ. ನಿಂಗ್ ಗೊತ್ತಾಗಲ್ಲ ಬಿಡು."

ಬಾಯಿಂದ ಆ ಮಾತು ಬಂದ ಮೇಲೆ ಅದಕ್ಕೆ ತಕ್ಕ ಸೈಕಲ್ ಬೇಕಾಯಿತು.

ಮಾರನೇ ದಿನ ಸೈಕಲ್ ಅಂಗಡಿಗೆ ಹೋದೆ. ಅಂಗಡಿಯಣ್ಣ ಏನು ಸಾಗಿಸುತ್ತೀಯ ಎಂದು ಕೇಳಿದ. ಡಬ್ಬಿ ತೋರಿಸಿದೆ. ಬಿಸ್ಕತ್ ಡಬ್ಬಕ್ಕಿಂತ ಸ್ವಲ್ಪ ದೊಡ್ಡದು, ಪ್ಲಾಸ್ಟಿಕ್ಕಿನದು. ಒಳಗೆ ಸ್ಪಂಜು ತುಂಬಿ, ಮಾಡೆಲ್ ಕೂರಲು ಎಡಕ್ಕೂ ಬಲಕ್ಕೂ ಗೂಡು ಕೊರೆದಿದ್ದಾರೆ. ಅವನು ಅದನ್ನು ತಿರುಗಿಸಿ ನೋಡಿ, ಮೂಲೆಯಲ್ಲಿದ್ದ ಒಂದು ಲೇಡೀಸ್ ಸೈಕಲ್ ಎಳೆದು ತಂದ. ಮುಂದಿನ ಕಂಬಿ ಕೆಳಕ್ಕೆ ಬಾಗಿದ್ದು, ಹಿಂದೆ ಅಗಲವಾದ ಕ್ಯಾರಿಯರ್, ಮುಂದೆ ಬುಟ್ಟಿ, ಬಣ್ಣ ಗುಲಾಬಿ.

"ನಂಗೆ ಹೆಣ್ಮಕ್ಳ ಸೈಕಲ್ ತೋರಿಸ್ತಾ ಇದೀರಾ ಅಣ್ಣ?"

"ಡಬ್ಬಿಗೆ ಒಳ್ಳೇದು ಅಂತ ತೋರ್ಸಿದೆ ತಮ್ಮಾ. ಬ್ಯಾಡ್ವಾ? ಬಿಡು. ಯಾವ್ದು ಬೇಕು ಹೇಳು, ಅದನ್ನ ಕೊಡ್ತೀನಿ. ನನ್ ಗಂಟೇನ್ ಹೋಗ್ಬೇಕು?"

ನಾನು ಬೆರಳು ತೋರಿಸಿದ್ದು ಗೇರ್ ಸೈಕಲ್ಲಿಗೆ. ಕಪ್ಪು ಬಣ್ಣ, ಮುಂದೆ ಶಾಕ್ ಅಬ್ಸಾರ್ಬರ್, ಡಿಸ್ಕ್ ಬ್ರೇಕು, ಗುಬುಟು ಗುಬುಟಾದ ದಪ್ಪ ಟಯರು. ಕ್ಯಾರಿಯರ್ ಬರುವುದಿಲ್ಲ. ಸೀಟಿನ ರಾಡಿಗೆ ಕ್ಲಾಂಪು ಹಾಕಿ ಒಂದು ಕ್ಯಾರಿಯರ್ ಜೋಡಿಸಿಕೊಟ್ಟ. ಕೂತರೆ ಪಾದ ನೆಲಕ್ಕೆ ಪೂರ್ತಿ ಊರಲಿ ಎಂದು ಅಂಗಡಿಯಣ್ಣ ಸೀಟು ಇಳಿಸಲು ಹೊರಟ. ಬೇಡ ಎಂದೆ. ಭಾನುವಾರ ಬೆಳಿಗ್ಗೆ ಹೆಲ್ಮೆಟ್ ಹಾಕಿಕೊಂಡು ಹೋಗುವವರ ಸೀಟು ಎತ್ತರ ಇರುತ್ತದೆ, ನಾನು ನೋಡಿದ್ದೆ. ಎತ್ತರಿಸಿಕೊಂಡೆ. ಸೀಟು ಏರಿದರೆ ಅದರ ರಾಡಿಗೆ ಕಟ್ಟಿದ ಕ್ಯಾರಿಯರೂ ಏರುತ್ತದೆ. ಅದು ಆಗ ತಲೆಗೆ ಬರಲಿಲ್ಲ.

ರಸ್ತೆಗೆ ಅದು ಒಳ್ಳೆಯ ಸೈಕಲ್ಲೇ. ಸುಳ್ಳು ಹೇಳಬಾರದು. ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ಅಗೆದು ಮುಚ್ಚಿದ ಕಡೆ ಜಲ್ಲಿ ಹರಡಿದ್ದರು, ಮಳೆ ಬಂದರೆ ಗುಂಡಿ ಎಲ್ಲಿದೆ, ರಸ್ತೆ ಎಲ್ಲಿದೆ ಎಂದು ಕಾಣುತ್ತಿರಲಿಲ್ಲ. ಮೊದಲ ವಾರ ಟಯರಿಗೆ ಕಲ್ಲಿನ ಹಾಗೆ ಗಾಳಿ ಹೊಡೆಸಿದ್ದೆ. ಮೈಯೆಲ್ಲ ಕುಲುಕುತ್ತಿತ್ತು. ಆಮೇಲೆ ಹೆಬ್ಬೆರಳು ಒತ್ತಿದರೆ ಸ್ವಲ್ಪ ತಗ್ಗುವಷ್ಟು ಗಾಳಿ ಬಿಟ್ಟೆ. ಜಲ್ಲಿ ಬಂದಾಗ ಸೀಟಿನಿಂದ ಎದ್ದು, ಪೆಡಲ್ ಎರಡನ್ನೂ ಒಂದೇ ಮಟ್ಟದಲ್ಲಿ ಹಿಡಿದು, ಮಂಡಿ ಸಡಿಲ ಬಿಟ್ಟು ಹೋಗುವುದು ಕಲಿತೆ. ಹಾಗೆ ಹೋದರೆ ಸೈಕಲ್ ಅದುರಿದರೂ ಮೈ ಅದುರುವುದಿಲ್ಲ. ಡಬ್ಬಿಯನ್ನು ಹಗ್ಗದಲ್ಲಿ ಬಿಗಿಯುವುದು ಬಿಟ್ಟು ಹಳೆಯ ಟ್ಯೂಬು ಸೀಳಿ ಪಟ್ಟಿ ಮಾಡಿ ಕಟ್ಟಿದೆ. ರಬ್ಬರು ಎಳೆದುಕೊಂಡು ಡಬ್ಬಿಯನ್ನು ತೊಟ್ಟಿಲಿನ ಹಾಗೆ ತೂಗುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದೊಂದು ಮಾಡೆಲ್ಲಿನ ಅಂಚು ಚೆಕ್ಕೆ ಏಳುತ್ತಿತ್ತು. ಮೇಡಂ ಡಬ್ಬಿ ತೆಗೆದು, ಮುಖ ಗಂಟು ಹಾಕಿಕೊಂಡು, ಅಂಟು ಹಚ್ಚಿ ಕೂರಿಸುತ್ತಿದ್ದರು.

"ಏನೋ ಇದು?"

"ರಸ್ತೆ ಮೇಡಂ."

ಈ ಊರಿನಲ್ಲಿ ರಸ್ತೆ ಎಂದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ.

ಶ್ರಾವಣ ಹತ್ತಿರ ಬಂದಾಗ ಕೆಂಗೇರಿಯ ಕ್ಲಿನಿಕ್ಕಿನಿಂದ ಒಂದು ಮಾಡೆಲ್ ತಂದೆ. ಮುಂದಿನ ಮೇಲ್ಸಾಲು. ಒಂದು ಹಲ್ಲು ಹೋಗಿತ್ತು, ಅದರ ಅಕ್ಕಪಕ್ಕದ ಎರಡನ್ನು ಮೊಳೆಯ ಹಾಗೆ ಸಣ್ಣಗೆ ಅರೆದಿದ್ದರು. ಆ ಎರಡರ ಮೇಲೆ ಮೂರು ಹಲ್ಲಿನ ಬ್ರಿಡ್ಜ್ ಕೂರಬೇಕು. ಮೇಡಂ ಡಬ್ಬಿ ತೆಗೆದರು. ಮೊಳೆಯಂಥ ಎರಡರಲ್ಲಿ ಒಂದು ಬುಡದಿಂದಲೇ ಮುರಿದು ಸ್ಪಂಜಿನ ಮೇಲೆ ಬಿದ್ದಿತ್ತು.

"ಅಂಟಿಸಿ ಮೇಡಂ," ಎಂದೆ.

ಅವರು ನನ್ನ ಮುಖ ನೋಡಿದರು. "ಅಂಚಾದ್ರೆ ಅಂಟಿಸ್ಬೋದು. ಇದರ ಮೇಲೆ ಹಲ್ಲು ಕೂರಬೇಕು. ಕೂದಲೆಳೆ ಅಷ್ಟು ಆಚೀಚೆ ಆದ್ರೂ ಆ ಹೆಂಗಸಿನ ಬಾಯಲ್ಲಿ ಕೂರಲ್ಲ." ಕ್ಲಿನಿಕ್ಕಿಗೆ ಫೋನ್ ಮಾಡಿದರು. ರಬ್ಬರ್ ಅಚ್ಚು ಇದ್ದರೆ ಇನ್ನೊಂದು ಮಾಡೆಲ್ ಸುರಿಯಬಹುದಿತ್ತು. ಬಿಡಿಸುವಾಗ ಅದು ಹರಿದಿತ್ತು, ಡಾಕ್ಟರು ಎಸೆದಿದ್ದರು. ರೋಗಿಯನ್ನು ಮತ್ತೆ ಕರೆಸಬೇಕು, ಮತ್ತೆ ಅಚ್ಚು ತೆಗೆಯಬೇಕು.

ಮೇಡಂ ಫೋನಿನಲ್ಲಿ "ರಸ್ತೆ ಸರ್, ನಾಯಂಡಹಳ್ಳಿ ಹತ್ರ ನಿಮಗೇ ಗೊತ್ತಲ್ಲ" ಎಂದರು. ಫೋನ್ ಇಟ್ಟು ನನ್ನ ಕಡೆ ತಿರುಗಿದರು.

"ಇನ್ನೊಂದು ಸಲ ಇಂಥದ್ದು ಮುರೀತು ಅಂದ್ರೆ ನಾನು ಆ್ಯಪ್‌ನಲ್ಲಿ ಬೈಕ್ ಹುಡುಗರನ್ನೇ ಕರೆಸ್ಕೋತೀನಿ. ಯಾಕ್ ಮುರೀತಾ ಇದೆ ಅಂತ ನೀನೇ ಕಂಡ್ಹಿಡಿ."

ಮಾರನೇ ದಿನ ಹೊಸ ಮಾಡೆಲ್ ತರಲು ಕೆಂಗೇರಿಗೆ ಹೋದೆ. ಡಾಕ್ಟರು ಇನ್ನೂ ಅಚ್ಚು ತೆಗೆಯುತ್ತಿದ್ದರು. ಹೊರಗೆ ಬೆಂಚಿನ ಮೇಲೆ ಕೂತೆ. ಒಳಗೆ ಓಕರಿಸುವ ಸದ್ದು. "ಮೂಗಲ್ಲಿ ಉಸಿರಾಡಿ ಅಮ್ಮಾ, ಇನ್ನೊಂದು ಸ್ವಲ್ಪ, ಆಯ್ತು ಆಯ್ತು," ಎಂದು ಡಾಕ್ಟರು ಹೇಳುವುದು ಕೇಳುತ್ತಿತ್ತು. ಮತ್ತೆ ಓಕರಿಕೆ. ಏನೋ ಸ್ಟೀಲಿನದು ಕೆಳಗೆ ಬಿತ್ತು. ಮಾಡೆಲ್ಲುಗಳನ್ನು ನಾನು ದಿನಾ ಹೊರುತ್ತಿದ್ದೆ, ಅವು ಬಾಯಿಂದ ಹೇಗೆ ಬರುತ್ತವೆ ಎಂದು ನೋಡಿರಲಿಲ್ಲ, ಕೇಳಿರಲಿಲ್ಲ.

ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸು ಕರ್ಚೀಫ್ ಬಾಯಿಗೆ ಒತ್ತಿಕೊಂಡು ಬಂದು ಬೆಂಚಿನ ಆ ತುದಿಗೆ ಕೂತರು. ನಲವತ್ತರ ಹತ್ತಿರದ ವಯಸ್ಸು. ಕಣ್ಣು ಕೆಂಪಾಗಿ ನೀರು ತುಂಬಿತ್ತು. ನನ್ನ ತೊಡೆಯ ಮೇಲಿದ್ದ ಡಬ್ಬಿ ನೋಡಿ ಕೇಳಿದರು.

"ಲ್ಯಾಬಿಂದ ಬಂದಿದೀಯೇನಪ್ಪ?"

"ಹೂಂ ಅಕ್ಕ."

"ನೀನ್ ಒಯ್ದಿದ್ದ ಅಚ್ಚೇ ಅಂತೆ ಪಾಪ, ರಸ್ತೇಲಿ ಕುಲುಕಿ ಮುರಿದೋಯ್ತಂತೆ. ಡಾಕ್ಟ್ರು ಹೇಳಿದ್ರು." ಕರ್ಚೀಫಿನ ಹಿಂದಿನಿಂದಲೇ ಮಾತಾಡುತ್ತಿದ್ದರು. "ನೀನ್ ತಾನೇ ಏನ್ ಮಾಡ್ತೀಯ. ನಾನೂ ಅಲ್ಲೇ ನಾಯಂಡಹಳ್ಳೀಲೇ ಬಿದ್ದಿದ್ದು ಕಣಪ್ಪ, ನಮ್ಮೆಜಮಾನ್ರ ಗಾಡೀಲಿ ಹಿಂದೆ ಕೂತಿದ್ದೆ. ನನ್ ಹಲ್ಲೂ ಆ ರಸ್ತೇನೇ ತಿಂತು, ಹಲ್ಲಿನ ಅಚ್ಚೂ ಅದೇ ತಿಂತು. ಹಾಳಾಗೋಗ್ಲಿ ಅದು."

ನಾನು ಹೂಂಗುಟ್ಟಿದೆ.

ಆ ಅಕ್ಕ ವಿಜಯನಗರದ ಒಂದು ಸೀರೆ ಅಂಗಡಿಯಲ್ಲಿ ಕೌಂಟರಿಗೆ ನಿಲ್ಲುತ್ತಿದ್ದರು. ರೇಷ್ಮೆ ಸೆಕ್ಷನ್. ಸೀರೆ ಬಿಚ್ಚಿ ಹರಡಿ, ಸೆರಗು ಹೆಗಲಿಗೆ ಹಾಕಿ ತೋರಿಸುವ ಕೆಲಸ. ಹಲ್ಲು ಅರೆದ ಮೇಲೆ ಡಾಕ್ಟರು ಟೆಂಪರರಿ ಹಲ್ಲು ಕೂರಿಸಿದ್ದರು, ಅದು ನಿಲ್ಲುತ್ತಿರಲಿಲ್ಲ.

"ಒಬ್ರು ಕಸ್ಟಮರ್‌ಗೆ ತೋರಿಸ್ತಾ ಇದೀನಿ, 'ಇದು ನಿಮ್ ಬಣ್ಣಕ್ಕೆ ಸಕ್ಕತ್ತಾಗ್ ಒಪ್ಪುತ್ತೆ ಮೇಡಂ' ಅಂದೆ ನೋಡು, ಟಪಕ್ ಅಂತ ಹಲ್ಲು ಸೀರೆ ಮೇಲೆ ಬಿತ್ತು. ಆ ಯಮ್ಮ ಅಯ್ಯಯ್ಯೋ ಅಂತ ಎದ್ದೇ ಬಿಟ್ಲು." ಹೇಳುತ್ತ ನಗಲು ಹೋಗಿ ಕರ್ಚೀಫ್ ಇನ್ನೂ ಬಿಗಿಯಾಗಿ ಒತ್ತಿಕೊಂಡರು. "ಓನರ್ರು, 'ಹಲ್ಲು ಬರೋ ತಂಕ ಗೋಡೌನಲ್ಲಿ ಮಡಚ್ತಾ ಇರಮ್ಮ' ಅಂದ್ರು. ಇನ್ನೇನು ವರಮಹಾಲಕ್ಷ್ಮಿ ಬಂತು. ಹಬ್ಬಕ್ಕೆ ಮುಂಚೆ ಕೌಂಟರ್ ಸೇರಿಲ್ಲ ಅಂದ್ರೆ ಬೇರೆಯವ್ರನ್ನ ನಿಲ್ಲಿಸ್ತಾರೆ. ಹೆಸರು ಹಿಡ್ಕೊಂಡು ಕೇಳ್ಕೊಂಡ್ ಬರೋ ಕಸ್ಟಮರ್‌ಗಳವ್ರೆ ನಂಗೆ."

"ಬೇಗ ಆಗುತ್ತೆ ಅಕ್ಕ."

"ಈ ಸಲ ಜೋಪಾನ ಕಣಪ್ಪ. ಇನ್ನೊಂದು ಸಲ ಬಾಯಿ ತೆಗೆಯೋ ಶಕ್ತಿ ನಂಗಿಲ್ಲ."

ಮಾಡೆಲ್ ಗಟ್ಟಿಯಾಗುವವರೆಗೂ ಕೂತಿದ್ದೆ. ಆಮೇಲೆ ಸೈಕಲ್ಲನ್ನು ಕ್ಲಿನಿಕ್ಕಿನ ಗೇಟಿಗೆ ಬೀಗ ಹಾಕಿ ಅಲ್ಲೇ ಬಿಟ್ಟೆ. ಮೆಟ್ರೋ ಸ್ಟೇಷನ್ನಿಗೆ ನಡೆದೆ. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟು ಎರಡು ಕೈ ಸುತ್ತಿ ಹಿಡಿದು ವಿಜಯನಗರಕ್ಕೆ ಬಂದೆ. ಮಾಡೆಲ್ ಏನೂ ಆಗಿರಲಿಲ್ಲ. ಮೇಡಂ ತಕ್ಷಣ ಕೆಲಸಕ್ಕೆ ಕೂತರು. ಲೋಹದ ಚೌಕಟ್ಟು ಎರೆಯಬೇಕು, ಅದರ ಮೇಲೆ ಪಿಂಗಾಣಿ ಪದರ ಹಚ್ಚಬೇಕು, ಕುಲುಮೆಯಲ್ಲಿ ಸುಡಬೇಕು, ಪಕ್ಕದ ಹಲ್ಲಿನ ಬಣ್ಣಕ್ಕೆ ಹೊಂದಿಸಬೇಕು. ಅವಸರಕ್ಕೆ ಮುಗಿಯುವ ಕೆಲಸವಲ್ಲ.

ಮರುದಿನ ಸೈಕಲ್ ತರಲು ಹೋಗುವಾಗ ಲ್ಯಾಬಿನ ಹಿಂದೆ ರಾಶಿ ಬಿದ್ದಿದ್ದ ಹಳೆಯ ಮಾಡೆಲ್ಲುಗಳಲ್ಲಿ ಸಣ್ಣ ಮೊಳೆ ಹಲ್ಲಿನವನ್ನು ಆರಿಸಿ ಡಬ್ಬಿಗೆ ತುಂಬಿಕೊಂಡೆ. ಕೆಲಸ ಮುಗಿದ ಮಾಡೆಲ್ಲುಗಳು, ಹೋದರೂ ಯಾರಿಗೂ ನಷ್ಟವಿಲ್ಲ. ರಸ್ತೆ ಎಲ್ಲಿ ಮುರಿಯುತ್ತದೆ ಎಂದು ನೋಡಬೇಕಿತ್ತು. ಗೊತ್ತಾದರೆ ಆ ಜಾಗದಲ್ಲಿ ಇಳಿದು ತಳ್ಳಿಕೊಂಡು ಹೋಗಬಹುದು ಎಂದು ನನ್ನ ಲೆಕ್ಕ.

ಕೆಂಗೇರಿಯಿಂದ ಹೊರಟೆ. ಮೈಸೂರು ರಸ್ತೆಯ ಅಂಚಿನಲ್ಲಿ ಇದ್ದಬದ್ದ ಗುಂಡಿಗೆಲ್ಲ ಬೇಕೆಂದೇ ಇಳಿಸಿದೆ. ನಾಯಂಡಹಳ್ಳಿಯ ಜಲ್ಲಿಯ ಮೇಲೆ ಸೀಟಿನಿಂದ ಏಳದೆ ದಡದಡ ಹೊಡೆಸಿದೆ. ಹಲ್ಲು ಕಟಕಟ ಎಂದಿತು, ನನ್ನದು. ಪಕ್ಕದಲ್ಲಿ ನಿಂತು ಒಂದು ಕಾಲು ನೆಲಕ್ಕೂರಿ, ಹಿಂದೆ ತಿರುಗಿ ಡಬ್ಬಿ ಬಿಚ್ಚಿ ನೋಡಿದೆ. ಒಂದೂ ಮುರಿದಿರಲಿಲ್ಲ. ನಂಬಿಕೆ ಬರಲಿಲ್ಲ. ತಿರುಗಿಸಿಕೊಂಡು ಅದೇ ಜಲ್ಲಿಯ ಮೇಲೆ ಇನ್ನೊಂದು ಸಲ ಹೋದೆ. ಒಂದು ಆಟೋದವನು "ಏನ್ ಗುರು, ದಾರಿ ತಪ್ತಾ?" ಎಂದು ಕೂಗಿ ಹೋದ. ಮತ್ತೆ ನೋಡಿದೆ. ಎಲ್ಲವೂ ಇದ್ದ ಹಾಗೇ ಇದ್ದವು.

ಸರಿ, ಇವತ್ತು ಅದೃಷ್ಟ ಎಂದುಕೊಂಡು ಅತ್ತಿಗುಪ್ಪೆಯಲ್ಲಿ ಇಳಿದು ಟೀ ಕುಡಿದೆ. ಮತ್ತೆ ಹತ್ತಿ ಲ್ಯಾಬಿಗೆ ಬಂದೆ. ಆ ಕಡೆ ರಸ್ತೆ ಚೆನ್ನಾಗಿಯೇ ಇದೆ. ಡಬ್ಬಿ ತೆಗೆದರೆ ಎಡಗಡೆಯ ಗೂಡಿನ ಮಾಡೆಲ್ಲಿನ ಮೊಳೆ ಹಲ್ಲು ಬುಡದಿಂದ ಹೋಗಿತ್ತು.

ಜಲ್ಲಿಯಲ್ಲಿ ಹೋಗದ್ದು ಡಾಂಬರಿನಲ್ಲಿ ಹೇಗೆ ಹೋಯಿತು? ಡಬ್ಬಿಯನ್ನು ಮೇಲೆ ಕೆಳಗೆ ನೋಡಿದೆ. ಎಡಗಡೆ, ಮುಚ್ಚಳದ ಕೆಳಗೆ, ಕೆಸರಿನ ಒಂದು ಗುರುತು. ಅದನ್ನು ನಾನು ದಿನಾ ಸಂಜೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ರಸ್ತೆ ಕೆಸರು ಎಂದುಕೊಂಡಿದ್ದೆ. ಈ ಸಲ ಒರೆಸದೆ ನೋಡಿದೆ. ಅದರಲ್ಲಿ ಗೆರೆಗಳಿದ್ದವು, ಅಂಕುಡೊಂಕು ಗೆರೆ. ನನ್ನ ಬಲಗಾಲಿನ ಶೂ ಬಿಚ್ಚಿ ತಿರುಗಿಸಿ ಪಕ್ಕಕ್ಕೆ ಹಿಡಿದೆ. ಅವೇ ಗೆರೆಗಳು.

ನಾನು ಸೈಕಲ್ ಹತ್ತುವ ರೀತಿ ಹೇಳಬೇಕು. ನಿಂತಲ್ಲಿ ನಿಂತು ಹತ್ತುವವನಲ್ಲ. ಎಡಗಾಲು ಪೆಡಲ್ ಮೇಲೆ, ಎರಡು ಹೆಜ್ಜೆ ಓಡಿಸಿ, ಸೈಕಲ್ ಓಡುತ್ತಿರುವಾಗಲೇ ಬಲಗಾಲನ್ನು ಹಿಂದಿನಿಂದ ಬೀಸಿ ಹಾಕುವುದು. ನೋಡುವವರಿಗೆ ಚೆನ್ನಾಗಿ ಕಾಣುತ್ತದೆ. ಸೀಟು ಎತ್ತರ, ಕ್ಯಾರಿಯರ್ ಎತ್ತರ, ಅದರ ಮೇಲೆ ಡಬ್ಬಿ. ಒಮ್ಮೊಮ್ಮೆ ಹಿಮ್ಮಡಿಗೆ ಏನೋ ತಾಗುತ್ತಿತ್ತು. ಸೀಟು ಎಂದುಕೊಳ್ಳುತ್ತಿದ್ದೆ. ಕ್ಲಿನಿಕ್ಕಿನ ಮುಂದೆಯೂ ಹಾಗೇ, ಸಿಗ್ನಲ್ಲಿನಲ್ಲೂ ಹಾಗೇ, ದಿನಕ್ಕೆ ಎಷ್ಟು ಸಲವೋ ಆ ಡಬ್ಬಿಗೆ ಒದೆಯುತ್ತಿದ್ದೆ.

ಬಾಗಿಲು ಹಾಕಿದ ಲ್ಯಾಬಿನ ಮೆಟ್ಟಿಲ ಮೇಲೆ ಒಂದು ಶೂ ಕೈಯಲ್ಲಿ ಹಿಡಿದು ಕೂತಿದ್ದೆ. ಆ ಅಕ್ಕ ರಸ್ತೆಗೆ ಶಾಪ ಹಾಕಿದಾಗ ನಾನು ಹೂಂಗುಟ್ಟಿದ್ದು ನೆನಪಾಯಿತು.

ಆದರೂ ಸೈಕಲ್ ಬದಲಿಸಲು ಮನಸ್ಸು ಬರಲಿಲ್ಲ. ಹೇಗಾದರೂ ಇದರಲ್ಲೇ ಸಂಭಾಳಿಸೋಣ ಎಂದು ಒದ್ದಾಡಿದೆ. ಸೈಕಲ್ಲನ್ನು ವಾಲಿಸಿ ಮುಂದಿನ ಕಂಬಿಯ ಮೇಲಿಂದ ಕಾಲು ತೂರಿಸಿ ಹತ್ತಿದೆ. ರಾಜಾಜಿನಗರದ ಸಿಗ್ನಲ್ಲಿನಲ್ಲಿ ಒದ್ದೆ ಶೂ ಕಂಬಿಗೆ ಸಿಕ್ಕಿ ಸೈಕಲ್ ಸಮೇತ ಮಗುಚಿಕೊಂಡೆ. ಡಬ್ಬಿ ಖಾಲಿ ಇದ್ದದ್ದು ಪುಣ್ಯ. ಎಲ್ಲ ಬೈಕಿನವರೂ ನೋಡಿದರು. ಡಬ್ಬಿಯನ್ನು ಬೆನ್ನಿನ ಬ್ಯಾಗಿನಲ್ಲಿ ಹಾಕಿಕೊಂಡೆ. ಮುಂದಕ್ಕೆ ಬಗ್ಗಿ ತುಳಿಯುವ ಸೈಕಲ್ಲಿನಲ್ಲಿ ಡಬ್ಬಿ ಓರೆಯಾಗಿ ನಿಂತು ಮಾಡೆಲ್ಲುಗಳು ಗೂಡಿನಿಂದ ಜಾರಿ ಒಂದರ ಮೇಲೊಂದು ಬಿದ್ದಿದ್ದವು. ಅವೂ ಪರೀಕ್ಷೆಗೆ ಇಟ್ಟ ಹಳೆಯ ಮಾಡೆಲ್ಲುಗಳೇ. ಸೀಟು ಇಳಿಸಿದೆ. ಕ್ಯಾರಿಯರ್ ಇಳಿದು ಟಯರಿಗೆ ಉಜ್ಜಿತು.

ಮತ್ತೆ ಅಂಗಡಿಗೆ ಹೋದೆ. ಅಂಗಡಿಯಣ್ಣನಿಗೆ ಹತ್ತುವ ರೀತಿ ತೋರಿಸಿದೆ, ಡಬ್ಬಿ ಇಟ್ಟು. ಟಕ್ ಎಂದಿತು. ಅವನು ನಗು ತಡೆಯಲಿಲ್ಲ.

"ಕುದುರೆ ಒದ್ದಂಗ್ ಒದೀತೀಯಲ್ಲೋ ತಮ್ಮಾ! ದೊಡ್ಡ ಸೈಕಲ್ ತೊಗೋ ಹಂಗಾದ್ರೆ, ಹಾಲ್ನೋರ್ದು ಇರುತ್ತಲ್ಲ, ಸ್ಟೀಲ್ ಬಾಡಿ, ಕ್ಯಾರಿಯರ್ ಕೆಳಗೆ."

ಅದನ್ನೂ ಓಡಿಸಿ ನೋಡಿದೆ. ಒದೆ ತಪ್ಪಲಿಲ್ಲ. ಜೊತೆಗೆ ನೀರು ತುಂಬಿದ ಗುಂಡಿಗೆ ಇಳಿದು ಧಡಕ್ಕನೆ ಕಾಲು ಊರಬೇಕಾದಾಗ ಮೇಲಿನ ಕಂಬಿ ಎಲ್ಲಿ ಹೊಡೆಯಬಾರದೋ ಅಲ್ಲಿ ಹೊಡೆಯಿತು.

ಗುಲಾಬಿ ಸೈಕಲ್ ಇನ್ನೂ ಅದೇ ಮೂಲೆಯಲ್ಲಿತ್ತು. ಎಳೆದುಕೊಂಡೆ. ಹತ್ತಲು ಕಾಲು ಎತ್ತಲೇ ಬೇಕಿಲ್ಲ. ಮುಂದಿನ ತಗ್ಗಿನಲ್ಲಿ ಹೆಜ್ಜೆ ಇಟ್ಟು ಆ ಕಡೆ ದಾಟಿದರೆ ಆಯಿತು, ಬಾಗಿಲು ದಾಟಿದ ಹಾಗೆ. ಗುಂಡಿಯಲ್ಲಿ ಎರಡೂ ಕಾಲು ಒಟ್ಟಿಗೆ ಊರಬಹುದು. ಕ್ಯಾರಿಯರ್ ಹಿಂದಿನ ಚಕ್ರದ ಅಚ್ಚಿನಿಂದ ಎದ್ದು ನಿಂತಿದೆ, ಅಲುಗುವುದಿಲ್ಲ. ಸೀಟಿನ ಕೆಳಗೆ ಸ್ಪ್ರಿಂಗು. ಟಯರ್ ಮಾತ್ರ ಸಣ್ಣ. ಅಂಗಡಿಯಣ್ಣ ಆ ರಿಮ್ಮಿಗೆ ಹಿಡಿಸುವಷ್ಟರಲ್ಲಿ ಅಗಲದ್ದನ್ನು ಹಾಕಿದ. ಮಾಡೆಲ್ ತುಂಬಿಕೊಂಡು ನಾಯಂಡಹಳ್ಳಿಗೆ ಹೋಗಿ, ಹತ್ತಿ ಇಳಿದು, ಹತ್ತಿ ಇಳಿದು ಬಂದೆ. ಒಂದೂ ಮುರಿಯಲಿಲ್ಲ.

"ಕಪ್ಪು ಬಣ್ಣದಲ್ಲಿ ಇಲ್ವಾ ಅಣ್ಣ?"

"ಇರೋದು ಇದೊಂದೇ. ಸ್ಟಿಕ್ಕರ್ ಬೇಕಾದ್ರೆ ಕಿತ್ತಾಕು."

ಚೇನ್ ಕವರಿನ ಮೇಲೆ ಚಿಟ್ಟೆಯ ಸ್ಟಿಕ್ಕರ್ ಇತ್ತು. ಕಿತ್ತೆ. ರೆಕ್ಕೆ ಬಂತು, ಅಂಟು ಉಳಿಯಿತು. ಈಗಲೂ ಅಲ್ಲಿ ಚಿಟ್ಟೆಯ ಆಕಾರದಲ್ಲಿ ಧೂಳು ಕೂರುತ್ತದೆ.

ಗೇರ್ ಸೈಕಲ್ ವಾಪಸು ಕೊಟ್ಟು ಇದನ್ನು ತೆಗೆದುಕೊಳ್ಳಲು ಮೇಡಂ ಒಪ್ಪಬೇಕಿತ್ತು. ಕಾರಣ ಹೇಳದೆ ಆಗುತ್ತಿರಲಿಲ್ಲ. ಶೂ ಗುರುತು ತೋರಿಸಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬ್ರಿಡ್ಜಿಗೆ ಬಣ್ಣ ಹಚ್ಚುತ್ತಿದ್ದರು, ಬ್ರಷ್ ಕೆಳಗೆ ಇಡಲಿಲ್ಲ.

"ಇಷ್ಟು ದಿನ ರಸ್ತೆ ರಸ್ತೆ ಅಂತಿದ್ದೆ."

"ನಂಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ ಮೇಡಂ."

"ಗೊತ್ತಿರ್ಲಿಲ್ಲ ಸರಿ. ನೋಡಿದ್ಯಾ? ಒಂದ್ ಸಲ ತಿರುಗಿ ನೋಡಿದ್ಯಾ?" ಬ್ರಷ್ ತೊಳೆದರು. "ಹೋಗು, ಬದಲಾಯಿಸ್ಕೋ. ಡಾಕ್ಟರ್‌ಗೆ ನಾನು ರಸ್ತೆ ಅಂತ ಹೇಳಾಗಿದೆ. ಅದು ಹಾಗೇ ಇರ್ಲಿ. ನಮ್ ಹುಡುಗ ಒದ್ದು ಮುರಿದ ಅಂದ್ರೆ ನಾಳೆ ಯಾವ ಕ್ಲಿನಿಕ್ ನಮಗೆ ಕೆಲಸ ಕೊಡುತ್ತೆ?"

ಅವತ್ತು ಸಂಜೆ ವಠಾರದ ಬಾಗಿಲಲ್ಲಿ ಗೆಳೆಯ ಬೈಕ್ ಒರೆಸುತ್ತಿದ್ದ. ಸಂದಿಯಲ್ಲಿ ಕಾಯ್ದು ಅವನು ಒಳಗೆ ಹೋದ ಮೇಲೆ ನುಗ್ಗೋಣ ಎಂದು ಸ್ವಲ್ಪ ಹೊತ್ತು ನಿಂತೆ. ಅವನು ಒಳಗೆ ಹೋಗಲಿಲ್ಲ.

"ಏನ್ ಮಚ್ಚಾ, ಯಾರ್ದು ಎಗರಿಸ್ಕೊಂಡ್ ಬಂದೆ? ಎದುರುಮನೆ ಪಾಪುದಾ?"

"ನಂದೇ."

"ಇದ್ರಲ್ಲಿ ಏನ್ ಫಿಟ್‌ನೆಸ್ ಗುರು?"

"ಫಿಟ್‌ನೆಸ್ಸು ಇಲ್ಲ, ಮಣ್ಣೂ ಇಲ್ಲ. ಎಲ್‌ಎಲ್ ಫೇಲು ಕಣೋ, ಎರಡು ಸಲ. ಓದಿ ಮುಗಿಸೋಷ್ಟ್ರಲ್ಲಿ ಟೈಮ್ ಆಗೋಗುತ್ತೆ."

ಅವನು ಬಟ್ಟೆ ಹಿಂಡುತ್ತ ನನ್ನನ್ನೇ ನೋಡಿದ. ಆಮೇಲೆ ಜೋರಾಗಿ ನಕ್ಕ. ಗುಲಾಬಿ ಸೈಕಲ್ಲಿನ ಬೆಲ್ಲನ್ನು ಟ್ರಿಣ್ ಟ್ರಿಣ್ ಎಂದು ಬಾರಿಸಿ, "ಬಾರಮ್ಮ, ಟೀ ಕುಡಿಯೋಣ ಬಾ" ಎಂದ. ಎಷ್ಟೋ ದಿನ ಟೀ ಅಂಗಡಿಯಲ್ಲಿ ನನಗೆ ಅದೇ ಹೆಸರಾಯಿತು. ತಲೆ ತಗ್ಗಿಸಿಕೊಂಡು ಕುಡಿದು ಬರುತ್ತಿದ್ದೆ.

ಬ್ರಿಡ್ಜ್ ತಯಾರಾದ ದಿನ ಮಳೆ ಹಿಡಿದಿತ್ತು. ಮೇಡಂ ಅದನ್ನು ಹತ್ತಿಯಲ್ಲಿ ಸುತ್ತಿ, ಮಾಡೆಲ್ಲಿನ ಜೊತೆ ಗೂಡಿನಲ್ಲಿ ಇಟ್ಟು, ಡಬ್ಬಿಗೆ ಪ್ಲಾಸ್ಟಿಕ್ ಸುತ್ತಿ ಕೊಟ್ಟರು. ನಾಯಂಡಹಳ್ಳಿಯಲ್ಲಿ ಇಳಿದು ತಳ್ಳಿದೆ. ತಳ್ಳಬೇಕಾದ ಅಗತ್ಯ ಇರಲಿಲ್ಲ. ಮಳೆಯಲ್ಲಿ ಲೇಡೀಸ್ ಸೈಕಲ್ ತಳ್ಳುತ್ತಿರುವ ಗಂಡಸನ್ನು ಬಸ್ಸಿನ ಕಿಟಕಿಯಿಂದ ಎರಡು ಹುಡುಗಿಯರು ನೋಡಿ ನಕ್ಕರು. ನಗಲಿ ಎಂದು ಅನ್ನಿಸಲಿಲ್ಲ. ನಾಚಿಕೆಯಾಯಿತು. ಆದರೂ ತಳ್ಳಿದೆ.

ಕ್ಲಿನಿಕ್ಕಿನಲ್ಲಿ ಆ ಅಕ್ಕ ಮೊದಲೇ ಬಂದು ಕೂತಿದ್ದರು. ಬ್ರಿಡ್ಜ್ ಸರಿಯಾಗಿ ಕೂರದಿದ್ದರೆ ವಾಪಸು ತೆಗೆದುಕೊಂಡು ಹೋಗಬೇಕಾಗುತ್ತದೆ, ಕಾದಿರು ಎಂದು ನನಗೆ ಹೇಳಿ ಡಾಕ್ಟರು ಅಕ್ಕನನ್ನು ಒಳಗೆ ಕರೆದುಕೊಂಡರು. ಬೆಂಚಿನ ಮೇಲೆ ಕೂತೆ. ಈ ಸಲ ಒಳಗಿಂದ ಓಕರಿಕೆ ಕೇಳಲಿಲ್ಲ. "ಕಚ್ಚಿ. ಮತ್ತೆ ಕಚ್ಚಿ. ಎತ್ತರ ಅನಿಸ್ತಾ?" ಎಂದು ಡಾಕ್ಟರ ದನಿ, ಸಣ್ಣಗೆ ಉಜ್ಜುವ ಮೆಷಿನ್ನಿನ ಸದ್ದು, ಅಷ್ಟೇ.

ಹೊರಗೆ ಬಂದವರು ನನ್ನ ಮುಂದೆ ನಿಂತು ತುಟಿ ಅಗಲಿಸಿ ತೋರಿಸಿದರು.

"ಹೆಂಗಿದೆ ಹೇಳಪ್ಪ?"

"ಗೊತ್ತೇ ಆಗಲ್ಲ ಅಕ್ಕ. ನಿಮ್ದೇ ಅನ್ಸುತ್ತೆ." ನಿಜವಾಗಿಯೂ ಹಾಗೇ ಇತ್ತು. "ನಾಳೆಯಿಂದ ಕೌಂಟರಾ?"

"ಎಲ್ಲಿ ಕೌಂಟರು." ಹೇಳುವಾಗ ಕೈ ತಾನಾಗಿ ಬಾಯಿಗೆ ಹೋಯಿತು, ನೆನಪಾಗಿ ಇಳಿಸಿದರು. "ನಿನ್ನೆ ಬೇರೆ ಹುಡುಗಿನ ನಿಲ್ಸಿಬಿಟ್ರು. ಹಬ್ಬದ ರಶ್ಶು, ಎಷ್ಟು ದಿನ ಅಂತ ಕಾಯ್ತಾರೆ? ನಂಗೆ ಮೇಲ್ಗಡೆ ಸೀರೆಗೆ ಫಾಲ್ಸ್ ಹಚ್ಚೋ ಸೆಕ್ಷನ್ ಕೊಟ್ಟವ್ರೆ. ದೀಪಾವಳಿಗೆ ನೋಡಣ ಅಂದ್ರು. ಒಂದೆರಡ್ ದಿನ ಮುಂಚೆ ಆಗಿದ್ರೆ ಸಿಗ್ತಿತ್ತು. ಏನ್ ಮಾಡೋದು, ಆ ರಸ್ತೆ..."

"ರಸ್ತೆ ಅಲ್ಲ ಅಕ್ಕ."

ಮೇಡಂ ಹೇಳಿದ್ದು ನೆನಪಿತ್ತು. ಆದರೂ ಬಾಯಿಗೆ ಬಂದಿತ್ತು. ಒಳಗೆ ಡಾಕ್ಟರು ಕೈ ತೊಳೆಯುತ್ತಿದ್ದರು, ನಲ್ಲಿಯ ಸದ್ದು ಬರುತ್ತಿತ್ತು. ದನಿ ತಗ್ಗಿಸಿ ಹೇಳಿದೆ. "ನನ್ ಕಾಲು. ಸೈಕಲ್ ಹತ್ತುವಾಗ ಡಬ್ಬಿಗೆ ಒದ್ದಿದ್ದೆ. ಅದರಿಂದ ಮುರೀತು. ಆಮೇಲೆ ಗೊತ್ತಾಯ್ತು."

ಅವರು ನನ್ನ ಕಾಲು ನೋಡಿದರು. ಬಾಗಿಲಾಚೆ ಮಳೆಯಲ್ಲಿ ನಿಂತಿದ್ದ ಗುಲಾಬಿ ಸೈಕಲ್ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಬ್ಯಾಗಿನಿಂದ ಛತ್ರಿ ತೆಗೆದು ಅದರ ಪಟ್ಟಿ ಬಿಚ್ಚುತ್ತ ನಿಂತರು.

"ಅದನ್ನ ಈಗ ಯಾಕಪ್ಪ ಹೇಳ್ದೆ?" ಎಂದರು. "ರಸ್ತೆನ ಬೈಕೊಂಡು ಹೆಂಗೋ ಸಮಾಧಾನವಾಗಿದ್ದೆ."

ಛತ್ರಿ ಬಿಚ್ಚಿಕೊಂಡು ಮೆಟ್ಟಿಲಿಳಿದು ಬಸ್ ಸ್ಟಾಪಿನ ಕಡೆ ಹೋದರು. ತಿರುಗಿ ನೋಡಲಿಲ್ಲ.

ಡಾಕ್ಟರು ಕೈ ಒರೆಸಿಕೊಳ್ಳುತ್ತ ಬಂದು ಹೊಸ ಮಾಡೆಲ್ ಒಂದನ್ನು ನನ್ನ ಕೈಗೆ ಕೊಟ್ಟರು. ಯಾರದೋ ಕೆಳದವಡೆ, ಇನ್ನೂ ಬೆಚ್ಚಗಿತ್ತು. ಅದನ್ನು ನನ್ನ ಶೂ ತಾಗಿರದ ಬಲಗಡೆಯ ಗೂಡಿನಲ್ಲಿ ಇಟ್ಟೆ.